ಹರಪನಹಳ್ಳಿ ಯಾವ ಜಿಲ್ಲೆ? ಆಂಟಾಲಜಿ ತೊಡಕುಗಳನ್ನು ಬರೆದಿಡುವ ಬಗ್ಗೆ

ಒಂದು ಸುಲಭದ ಪ್ರಶ್ನೆ. ಹರಪನಹಳ್ಳಿ ಯಾವ ಜಿಲ್ಲೆಯಲ್ಲಿದೆ?

ಮನೆಯಲ್ಲಿ ದೊಡ್ಡವರನ್ನು ಕೇಳಿದರೆ ಬಳ್ಳಾರಿ ಅಂತಾರೆ. ನಮ್ಮ ವಯಸ್ಸಿನವರು ಶಾಲೆಯಲ್ಲಿ ದಾವಣಗೆರೆ ಅಂತ ಓದಿದ್ದೇವೆ. ಈಗಿನ ಮ್ಯಾಪ್ ತೆಗೆದರೆ ವಿಜಯನಗರ ಅಂತ ಇದೆ. ಮೂರೂ ಸರಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು ಬಂದವು. ಶಿವಮೊಗ್ಗದಿಂದ ಹೊನ್ನಾಳಿ, ಚನ್ನಗಿರಿ ಬಂದವು. ಬಳ್ಳಾರಿಯಿಂದ ಹರಪನಹಳ್ಳಿ ಬಂತು. 2018ರಲ್ಲಿ ಹರಪನಹಳ್ಳಿ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದರೊಳಗೆ ಸೇರಿತು. ಇನ್ನೂ ಹಿಂದಕ್ಕೆ ಹೋದರೆ ಬಳ್ಳಾರಿಯೇ 1953ರ ತನಕ ಮದ್ರಾಸ್ ರಾಜ್ಯದಲ್ಲಿತ್ತು. ಊರು ಮಾತ್ರ ಒಂದು ಇಂಚೂ ಅಲ್ಲಾಡಿಲ್ಲ.

ಇದು ಬರೀ ಕ್ವಿಜ್ ಪ್ರಶ್ನೆ ಅಲ್ಲ. ವಾಪಸ್ ಬಳ್ಳಾರಿಗೆ ಸೇರಿಸಿ ಅಂತ ಅಲ್ಲಿನ ಜನ ಕೇಳಿದ್ದಕ್ಕೆ ದೊಡ್ಡ ಕಾರಣ 371-ಜೆ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಕಲಂ, ಬಳ್ಳಾರಿ ಸೇರಿದಂತೆ ಆಗಿನ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಓದಿನಲ್ಲಿ, ಕೆಲಸದಲ್ಲಿ ಮೀಸಲಾತಿ ಕೊಡುತ್ತೆ. ಸೀಟು ಸಿಗುತ್ತೋ ಇಲ್ಲವೋ ಅನ್ನೋದು ಊರು ಯಾವ ಜಿಲ್ಲೆಯಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಇನ್ನೊಂದು ಕಡೆ 2011ರ ಜನಗಣತಿ ದಾವಣಗೆರೆ ಜಿಲ್ಲೆಯ ಜನಸಂಖ್ಯೆ 19,45,497 ಅನ್ನುತ್ತೆ. ಆ ಲೆಕ್ಕದಲ್ಲಿ ಹರಪನಹಳ್ಳಿ ಸೇರಿದೆ. ಈಗಿನ ಮ್ಯಾಪ್ ಪಕ್ಕ ಆ ಸಂಖ್ಯೆ ಇಟ್ಟು ಭಾಗಾಕಾರ ಮಾಡಿದರೆ ಬರೋ ಉತ್ತರ ನೋಡೋಕೆ ಚೆನ್ನಾಗಿರುತ್ತೆ, ಆದರೆ ಸುಳ್ಳು.

ನಮ್ಮ ಕನ್ನಡ ಸಂಘದಲ್ಲಿ ಐದು ಜನ ಸೇರಿ ದಾವಣಗೆರೆ, ಹರಿಹರದ ಊರು, ದೇವಸ್ಥಾನ, ತಿಂಡಿ, ಕಾರ್ಖಾನೆ ಎಲ್ಲ ಸೇರಿಸಿ ಒಂದು ಪುಟ್ಟ ಆಂಟಾಲಜಿ ಕಟ್ಟುತ್ತಾ ಇದ್ದೀವಿ. ಈ ಲೇಖನ ಆ ಆಂಟಾಲಜಿ ಬಗ್ಗೆ ಅಲ್ಲ. ಅದನ್ನು ಕಟ್ಟುವಾಗ ಎದುರಾಗುವ ತೊಡಕುಗಳನ್ನು ಬೇರೆಯವರು ಹೇಗೆ ಬರೆದಿಟ್ಟಿದ್ದಾರೆ, ನಾವು ಹೇಗೆ ಬರೆದಿಡಬಹುದು ಅನ್ನೋದರ ಬಗ್ಗೆ.

ಮೊದಲು, ಆಂಟಾಲಜಿ ಅಂದ್ರೆ ಏನು

ತತ್ವಶಾಸ್ತ್ರದವರಿಗೆ ಈ ಪದದ ಅರ್ಥ ಬೇರೆ, ನಮಗೆ ಬೇರೆ. ಕಂಪ್ಯೂಟರ್‌ನವರಿಗೆ ಆಂಟಾಲಜಿ ಅಂದ್ರೆ, ಒಂದು ವಿಷಯದಲ್ಲಿ ಯಾವ್ಯಾವ ಬಗೆಯ ವಸ್ತುಗಳಿವೆ, ಒಂದಕ್ಕೊಂದು ಏನು ಸಂಬಂಧ, ಯಾವುದು ಸಾಧ್ಯ, ಯಾವುದು ಸಾಧ್ಯವಿಲ್ಲ ಅನ್ನೋದನ್ನು ಕಂಪ್ಯೂಟರ್ ತರ್ಕ ಮಾಡೋಕೆ ಆಗೋ ಹಾಗೆ ಬಿಡಿಸಿ ಬರೆದದ್ದು. ಡಿಬಿಎಂಎಸ್‌ನಲ್ಲಿ ಇಆರ್ ಡಯಾಗ್ರಾಂ ಬರೆದವರಿಗೆ, ಊಪ್ಸ್‌ನಲ್ಲಿ ಕ್ಲಾಸ್, ಇನ್‌ಹೆರಿಟೆನ್ಸ್ ಓದಿದವರಿಗೆ ಅರ್ಧ ಅರ್ಥ ಆದ ಹಾಗೆ. ಉಳಿದರ್ಧ ರೀಸನರ್. ಅದು ನೀವು ಬರೆದ ವಾಕ್ಯಗಳನ್ನು ಓದಿ ನೀವು ಬರೆಯದೇ ಇದ್ದದ್ದನ್ನೂ ಕಂಡುಹಿಡಿಯುತ್ತೆ. ನೀವು ಬರೆದದ್ದರಲ್ಲಿ ವಿರೋಧ ಇದ್ದರೆ ಬೈಯುತ್ತೆ.

ಬರೆಯೋ ಭಾಷೆ ಸಾಮಾನ್ಯವಾಗಿ ಔಲ್, ಅಂದ್ರೆ ವೆಬ್ ಆಂಟಾಲಜಿ ಲಾಂಗ್ವೇಜ್. ಬರೆಯೋ ಸಾಫ್ಟ್‌ವೇರ್ ಸ್ಟ್ಯಾನ್‌ಫರ್ಡ್‌ನವರ ಪ್ರೊಟೆಜೆ, ಫ್ರೀ ಆಗಿ ಸಿಗುತ್ತೆ. ಒಂದೊಂದು ಸಂಗತಿಯೂ ಮೂರು ಪದದ ವಾಕ್ಯ, ಅದಕ್ಕೆ ಟ್ರಿಪಲ್ ಅಂತ ಹೆಸರು:

ಹರಿಹರ – ಇರುವ ಜಿಲ್ಲೆ – ದಾವಣಗೆರೆ.

ಇಲ್ಲೇ ಹರಪನಹಳ್ಳಿ ಕಾಲು ತೊಡರಿಸುತ್ತೆ. ಟ್ರಿಪಲ್‌ನಲ್ಲಿ ಸಂಬಂಧ ಎರಡರ ನಡುವೆ ಮಾತ್ರ. "1997ರಿಂದ 2018ರ ತನಕ" ಅನ್ನೋದನ್ನು ಎಲ್ಲಿ ಇಡೋದು? ಮೂರು ಜಿಲ್ಲೆಗೂ ಮೂರು ಟ್ರಿಪಲ್ ಹಾಕಿದರೆ, ಒಂದು ತಾಲ್ಲೂಕಿಗೆ ಒಂದೇ ಜಿಲ್ಲೆ ಅಂತ ನಿಯಮ ಇಟ್ಟಿದ್ದಾಗ ಒಂದು ತಮಾಷೆ ಆಗುತ್ತೆ. ರೀಸನರ್ ಬೈಯುವ ಬದಲು, ಹಾಗಾದರೆ ಬಳ್ಳಾರಿ, ದಾವಣಗೆರೆ, ವಿಜಯನಗರ ಮೂರೂ ಒಂದೇ ಜಿಲ್ಲೆಯ ಮೂರು ಹೆಸರು ಅಂತ ತೀರ್ಮಾನ ಮಾಡಿಬಿಡುತ್ತೆ! ಔಲ್‌ನಲ್ಲಿ ಎರಡು ಹೆಸರು ಬೇರೆ ಬೇರೆ ವಸ್ತು ಅಂತ ನೀವೇ ಹೇಳಬೇಕು, ತಾನಾಗಿ ಹಾಗೆ ಅಂದುಕೊಳ್ಳಲ್ಲ. ಹಳೇದನ್ನು ಅಳಿಸಿ ಹೊಸದನ್ನು ಬರೆದರೆ 2011ರ ಜನಗಣತಿಗೆ ಉತ್ತರ ಇಲ್ಲ.

ದಾರಿ ಏನಪ್ಪಾ ಅಂದ್ರೆ, ಸಂಬಂಧವನ್ನೇ ಒಂದು ವಸ್ತು ಮಾಡೋದು. "ಸೇರ್ಪಡೆ" ಅಂತ ಒಂದು ಕ್ಲಾಸ್ ಮಾಡಿ, ಪ್ರತಿ ಸೇರ್ಪಡೆಗೂ ನಾಲ್ಕು ಗೆರೆ ಎಳೆಯೋದು: ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾವಾಗಿನಿಂದ, ಯಾವಾಗಿನ ತನಕ. ಇಆರ್ ಡಯಾಗ್ರಾಂನಲ್ಲಿ ಟರ್ನರಿ ರಿಲೇಶನ್‌ಶಿಪ್ಪನ್ನು ಬೇರೆ ಟೇಬಲ್ ಮಾಡ್ತೀವಲ್ಲ, ಅದೇ ಉಪಾಯ.

ಈ ಉಪಾಯವನ್ನು ನಾವು ಕಂಡುಹಿಡಿದಿದ್ದಲ್ಲ. ಡಬ್ಲ್ಯು ತ್ರೀ ಸಿ ಸಂಸ್ಥೆಯ ಒಂದು ಕಾರ್ಯಗುಂಪು 2006ರ ಏಪ್ರಿಲ್‌ನಲ್ಲಿ ಇದರ ಮೇಲೆ ಒಂದು ಪುಟ್ಟ ಟಿಪ್ಪಣಿಯನ್ನೇ ಹೊರತಂದಿದೆ. ಅದರ ಸಂಪಾದಕರು ನತಾಶಾ ನಾಯ್ ಮತ್ತು ಅಲನ್ ರೆಕ್ಟರ್. ಅದೇ ಗುಂಪು ಒಂದೊಂದು ತೊಡಕಿಗೆ ಒಂದೊಂದು ಟಿಪ್ಪಣಿ ಅಂತ ಇನ್ನೂ ಕೆಲವನ್ನು ಬರೆದಿದೆ. ನನಗೆ ಆ ಟಿಪ್ಪಣಿಗಳಲ್ಲಿ ಇಷ್ಟ ಆಗಿದ್ದು ಉತ್ತರಕ್ಕಿಂತ ಬರವಣಿಗೆಯ ಕ್ರಮ. "ಹೀಗೆ ಮಾಡಿ" ಅಂತ ಹೇಳಿ ಕೈತೊಳೆದುಕೊಳ್ಳಲ್ಲ. ಮೊದಲು ತೊಡಕು ಎದುರಾಗುವ ಸಂದರ್ಭಗಳು, ಆಮೇಲೆ ಒಂದಕ್ಕಿಂತ ಹೆಚ್ಚು ದಾರಿ, ಆಮೇಲೆ ಯಾವ ದಾರಿಗೆ ಏನು ಬೆಲೆ ತೆರಬೇಕು ಅನ್ನೋದು. ಓದಿದವರು ತಮ್ಮ ಸಂದರ್ಭ ಯಾವುದು ಅಂತ ತಾವೇ ನೋಡಿಕೊಳ್ಳಬಹುದು.

ಬೆಣ್ಣೆ ದೋಸೆ ಸಸ್ಯಾಹಾರವೇ?

ಇಂಥ ಜ್ಞಾನ ಹಂಚಿಕೊಂಡ ಕಥೆಗಳಲ್ಲಿ ಬಹಳ ಹೆಸರಾದದ್ದು ಪಿಜ್ಜಾದ್ದು. ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಔಲ್ ಕಲಿಸೋಕೆ ಪಿಜ್ಜಾ ಆಂಟಾಲಜಿ ಮಾಡಿದರು. ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮ ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಹಾಗಾಗಿ ಅವರ ಪಿಜ್ಜಾ ಜಾಗದಲ್ಲಿ ನಮ್ಮ ಬೆಣ್ಣೆ ದೋಸೆ ಇಡೋಕೆ ನಮಗೆ ಹಕ್ಕಿದೆ ಅಂದುಕೊಳ್ಳುತ್ತೇನೆ.

ಬೆಣ್ಣೆ ದೋಸೆಯನ್ನು ಹೀಗೆ ಬರೆದೆವು ಅನ್ನಿ: ಅದರಲ್ಲಿ ಹಿಟ್ಟು ಇದೆ, ಬೆಣ್ಣೆ ಇದೆ, ಜೊತೆಗೆ ಆಲೂಗಡ್ಡೆ ಪಲ್ಯ ಇದೆ, ಕಾಯಿ ಚಟ್ನಿ ಇದೆ. ಸಸ್ಯಾಹಾರ ಅಂದ್ರೆ ಮಾಂಸ, ಮೀನು, ಮೊಟ್ಟೆ ಇಲ್ಲದ ಆಹಾರ ಅಂತ ಇನ್ನೊಂದು ವಾಕ್ಯ. ಈಗ ರೀಸನರ್‌ನ ಕೇಳಿ: ಬೆಣ್ಣೆ ದೋಸೆ ಸಸ್ಯಾಹಾರವೇ? ಹೌದು ಅನ್ನಲ್ಲ. ಇಲ್ಲ ಅಂತಲೂ ಅನ್ನಲ್ಲ. ದಾವಣಗೆರೆಯಲ್ಲಿ ಯಾವ ಹುಡುಗನನ್ನು ಕೇಳಿದರೂ ಗೊತ್ತಿರೋ ವಿಷಯ ಅದಕ್ಕೆ ಗೊತ್ತಾಗಲ್ಲ.

ಕಾರಣ, ಔಲ್‌ನ ತರ್ಕದಲ್ಲಿ ಹೇಳದೇ ಇದ್ದದ್ದು ಸುಳ್ಳಲ್ಲ, ಬರೀ ಗೊತ್ತಿಲ್ಲದ್ದು. ನಾಲ್ಕು ಪದಾರ್ಥ ಇದೆ ಅಂದಿರಿ, ಐದನೇದು ಇಲ್ಲ ಅಂತ ಎಲ್ಲಿ ಹೇಳಿದಿರಿ? ಮೊಟ್ಟೆ ಇದ್ದರೂ ಇರಬಹುದು. ಡೇಟಾಬೇಸ್ ಹೀಗೆ ಯೋಚಿಸಲ್ಲ. ಹರಿಹರ ಸ್ಟೇಷನ್ನಿನ ಟೈಮ್‌ಟೇಬಲ್‌ನಲ್ಲಿ ಒಂದು ರೈಲಿನ ಹೆಸರಿಲ್ಲ ಅಂದ್ರೆ ಆ ರೈಲು ಅಲ್ಲಿ ನಿಲ್ಲಲ್ಲ ಅಂತಲೇ ಅರ್ಥ. ಅದು ಮುಚ್ಚಿದ ಲೋಕ. ಔಲ್‌ನದು ತೆರೆದ ಲೋಕ. ಇದು ಮೊದಲು ಕಿರಿಕಿರಿ ಅನಿಸುತ್ತೆ, ಆದರೆ ಆಸ್ಪತ್ರೆಯ ದಾಖಲೆ ನೆನೆಸಿಕೊಳ್ಳಿ. ರೋಗಿಯ ಫೈಲಿನಲ್ಲಿ ಪೆನ್ಸಿಲಿನ್ ಅಲರ್ಜಿ ಬಗ್ಗೆ ಏನೂ ಬರೆದಿಲ್ಲ. ಅಲರ್ಜಿ ಇಲ್ಲ ಅಂತ ಅಂದುಕೊಂಡು ಸೂಜಿ ಚುಚ್ಚುವ ಡಾಕ್ಟರ್ ಬೇಕಾ, ಗೊತ್ತಿಲ್ಲ, ಕೇಳಿ ನೋಡ್ತೀನಿ ಅನ್ನುವವರು ಬೇಕಾ? ಅಲನ್ ರೆಕ್ಟರ್ ಕೂಡ ವೈದ್ಯಕೀಯದಿಂದ ಬಂದವರೇ.

ದೋಸೆಗೆ ಪರಿಹಾರ: "ಇವುಗಳನ್ನು ಬಿಟ್ಟು ಬೇರೇನೂ ಇಲ್ಲ" ಅಂತ ಒಂದು ಮುಚ್ಚಳ ಹಾಕಬೇಕು. ಇದಕ್ಕೆ ಕ್ಲೋಶರ್ ಆಕ್ಸಿಯಂ ಅಂತಾರೆ. ಜೊತೆಗೆ ಹಿಟ್ಟು, ಬೆಣ್ಣೆ, ಪಲ್ಯ, ಚಟ್ನಿ ಯಾವುದೂ ಮೊಟ್ಟೆ ಮಾಂಸದ ಬಗೆಯದಲ್ಲ ಅಂತಲೂ ಬರೀಬೇಕು. ಆಮೇಲೆ ಹಿಟ್ಟಿನೊಳಗೆ ಏನಿದೆ? ಅಕ್ಕಿ, ಉದ್ದು, ನಮ್ಮ ಊರಿನ ಮಂಡಕ್ಕಿ. ಅದಕ್ಕೂ ಮುಚ್ಚಳ ಬೇಕು. ಒಂದು ದೋಸೆಗೆ ಎಷ್ಟು ಕೆಲಸ ನೋಡಿ.

ಇನ್ನೊಂದು ಮೋಜಿನ ತೊಡಕು "ಮಾತ್ರ" ಅನ್ನೋ ಪದದ್ದು. "ದೋಸೆ ಜೊತೆ ಚಟ್ನಿ ಮಾತ್ರ" ಅಂತ ನಾವು ಅಂದರೆ ಚಟ್ನಿ ಕೊಡ್ತಾರೆ, ಬೇರೇನೂ ಕೊಡಲ್ಲ ಅಂತ ಎರಡು ವಿಷಯ ಹೇಳಿದ ಹಾಗೆ. ಔಲ್‌ನ "ಮಾತ್ರ" ಎರಡನೇದನ್ನಷ್ಟೇ ಹೇಳುತ್ತೆ. ಚಟ್ನಿಯೂ ಇಲ್ಲದೆ ಬರೀ ದೋಸೆ ತಂದಿಟ್ಟರೂ ಆ ನಿಯಮ ಪಾಸ್! ಹೋಟೆಲ್‌ನಲ್ಲಿ ಹೀಗೆ ವಾದ ಮಾಡಿದರೆ ಗಿರಾಕಿ ಸುಮ್ಮನಿರ್ತಾನಾ?

ಇವನ್ನೆಲ್ಲ ರೆಕ್ಟರ್ ಮತ್ತು ಅವರ ಜೊತೆಗಾರರು 2004ರಲ್ಲಿ ಒಂದು ಪೇಪರ್ ಮಾಡಿದರು. ಅವರು ಔಲ್ ಕಲಿಸುವಾಗ ಕಲಿಯುವವರೆಲ್ಲ ಎಲ್ಲೆಲ್ಲಿ ಎಡವುತ್ತಾರೆ ಅಂತ ಗಮನಿಸಿ ಪಟ್ಟಿ ಮಾಡಿದ್ದು ಅದು. ಮುಚ್ಚಳ ಮರೆಯೋದು, "ಮಾತ್ರ"ದ ಖಾಲಿ ಅರ್ಥ, ಎರಡು ಬಗೆ ಬೇರೆ ಬೇರೆ ಅಂತ ಹೇಳದೆ ಬಿಡೋದು, ಎಲ್ಲ ಅದರಲ್ಲಿದೆ. ಎಡವಟ್ಟುಗಳ ಪಟ್ಟಿಯೂ ಒಂದು ಸಂಶೋಧನೆ ಆಗಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಅದರಲ್ಲಿ ಒಂದು ಸಲಹೆ ಇದೆ: ಔಲ್‌ನಲ್ಲಿ ಬರೆಯೋ ಮೊದಲು ಅದೇ ಅರ್ಥವನ್ನು ಮಾತಿನ ವಾಕ್ಯದಲ್ಲಿ ಬಿಡಿಸಿ ಬರೆಯಿರಿ. ಅವರು ಹೇಳಿದ್ದು ಇಂಗ್ಲಿಷ್ ಮಾತು. ನಾವು ಕನ್ನಡದಲ್ಲಿ ಬರೆದು ನೋಡಿದಾಗ ಏನಾಗುತ್ತೆ ಅಂತ ಕೊನೆಗೆ ಹೇಳ್ತೀನಿ.

ಹರಿಹರದ ತೊಡಕು

ಹರಿಹರ ಅಂದ್ರೆ ಊರು, ತಾಲ್ಲೂಕು, ದೇವರು. ಮೂರಕ್ಕೂ ಬೇರೆ ಬೇರೆ ಗುರುತು ಕೊಡೋದು ಸುಲಭ. ಪಕ್ಕದಲ್ಲೇ ಇನ್ನೊಂದು ಇದೆ: ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇರೋದು ಹರಿಹರದಲ್ಲಲ್ಲ, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣಂನಲ್ಲಿ, ಅಂದ್ರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿ. ಹೆಸರು ನೋಡಿ ಜಾಗ ತುಂಬಿಸೋ ಪ್ರೋಗ್ರಾಂ ಬರೆದರೆ ಇಡೀ ಕಾರ್ಖಾನೆ ಹೊಳೆ ದಾಟಿ ಈಚೆಗೆ ಬಂದುಬಿಡುತ್ತೆ.

ಕಷ್ಟ ಇರೋದು ದೇವರಲ್ಲಿ. ಹರಿಹರೇಶ್ವರ ದೇವಸ್ಥಾನ 13ನೇ ಶತಮಾನದ್ದು, ಹೊಯ್ಸಳ ಎರಡನೇ ವೀರ ನರಸಿಂಹನ ಕಾಲದಲ್ಲಿ ಪೋಲಾಳ್ವ ಕಟ್ಟಿಸಿದ್ದು. ಮೂರ್ತಿಯ ಬಲಭಾಗ ಶಿವ, ಎಡಭಾಗ ವಿಷ್ಣು. ಆಂಟಾಲಜಿಯಲ್ಲಿ ಶಿವನ ಮೂರ್ತಿ, ವಿಷ್ಣುವಿನ ಮೂರ್ತಿ ಅಂತ ಎರಡು ಕ್ಲಾಸ್ ಮಾಡಿ, ರೆಕ್ಟರ್ ಹೇಳಿದ ಹಾಗೆ ಶಿಸ್ತಾಗಿ "ಇವೆರಡೂ ಬೇರೆ ಬೇರೆ" ಅಂತ ಬರೆದಿದ್ದೀವಿ ಅನ್ನಿ. ಈ ಮೂರ್ತಿಯನ್ನು ಎರಡೂ ಕ್ಲಾಸಿಗೆ ಸೇರಿಸಿದ ತಕ್ಷಣ ರೀಸನರ್ ಕೆಂಪು ಬಣ್ಣ ತೋರಿಸುತ್ತೆ: ಇಂಥ ವಸ್ತು ಇರೋಕೆ ಸಾಧ್ಯವೇ ಇಲ್ಲ. ಏಳುನೂರು ವರ್ಷಕ್ಕಿಂತ ಹೆಚ್ಚು ಕಾಲದಿಂದ ಹೊಳೆ ದಂಡೆಯಲ್ಲಿ ನಿಂತಿರೋ ದೇವರಿಗೆ ಹೀಗೆ!

ಬೇರೆ ಬೇರೆ ಅನ್ನೋ ವಾಕ್ಯವನ್ನೇ ಕಿತ್ತುಹಾಕಬಹುದು, ಆದರೆ ಆಗ ಉಳಿದ ನೂರು ಮೂರ್ತಿಗಳ ಮೇಲಿದ್ದ ಹಿಡಿತ ಹೋಗುತ್ತೆ. ಮೂರ್ತಿಯನ್ನು ಭಾಗ ಮಾಡಬಹುದು: ಈ ಮೂರ್ತಿಗೆ ಬಲಭಾಗ ಇದೆ, ಅದು ಶಿವನನ್ನು ತೋರಿಸುತ್ತೆ, ಎಡಭಾಗ ಇದೆ, ಅದು ವಿಷ್ಣುವನ್ನು ತೋರಿಸುತ್ತೆ. ಶಿಲ್ಪಗಳ ಕ್ಯಾಟಲಾಗ್ ಮಾಡುವವರಿಗೆ ಇದು ಸಾಕು. ಆದರೆ ಪೂಜೆ ಮಾಡೋ ಭಕ್ತರಿಗೆ ಹರಿಹರ ಅಂದ್ರೆ ಎರಡು ಅರ್ಧಗಳ ಮೊತ್ತ ಅಲ್ಲ, ಒಬ್ಬನೇ ದೇವರು. ಹಬ್ಬಗಳ ಪಂಚಾಂಗಕ್ಕೆ ಆಂಟಾಲಜಿ ಮಾಡುವವರು ಅದನ್ನು ಮೂರನೇ, ಸ್ವತಂತ್ರ ಬಗೆ ಅಂತಲೇ ಇಡಬೇಕು. ಹಾಗಾಗಿ "ಸರಿಯಾದ ಉತ್ತರ ಯಾವುದು" ಅನ್ನೋ ಮೊದಲು "ಈ ಆಂಟಾಲಜಿ ಯಾವ ಪ್ರಶ್ನೆಗೆ ಉತ್ತರ ಕೊಡಬೇಕು" ಅಂತ ಕೇಳಬೇಕು. ಗ್ರೂನಿಂಗರ್ ಮತ್ತು ಫಾಕ್ಸ್ ಅನ್ನುವವರು 1995ರಲ್ಲಿ ಇಂಥ ಪ್ರಶ್ನೆಗಳಿಗೆ ಕಾಂಪಿಟೆನ್ಸಿ ಪ್ರಶ್ನೆಗಳು ಅಂತ ಹೆಸರಿಟ್ಟರು. ಪ್ರಶ್ನೆ ಬರೆದಿಡದೆ ಉತ್ತರ ಮಾತ್ರ ಬರೆದಿಟ್ಟರೆ ಮುಂದಿನವರು ನಮ್ಮ ಫೈಲ್ ತೆಗೆದು "ಇದ್ಯಾಕೆ ಹೀಗೆ ಮಾಡಿದ್ದಾರೆ, ತಲೆ ಕೆಟ್ಟಿತ್ತಾ" ಅಂತಾರೆ.

ಬೆಂಗಳೂರಿನಲ್ಲೇ ಇದ್ದ ಗುರು

ಇಷ್ಟೆಲ್ಲ ಓದುವಾಗ ಇದು ಇಂಗ್ಲೆಂಡ್, ಅಮೆರಿಕದವರ ಸಂಪ್ರದಾಯ ಅನ್ನಿಸಬಹುದು. ಅಲ್ಲ. ಶಿಯಾಳಿ ರಾಮಾಮೃತ ರಂಗನಾಥನ್ ಅನ್ನುವವರ ಹೆಸರು ನಮ್ಮ ಲೈಬ್ರರಿಯವರಿಗೆಲ್ಲ ಗೊತ್ತು. ಅವರ ಹುಟ್ಟಿದ ದಿನ ಆಗಸ್ಟ್ 12ನ್ನು ನಮ್ಮ ದೇಶದಲ್ಲಿ ಗ್ರಂಥಪಾಲಕರ ದಿನ ಅಂತ ಆಚರಿಸ್ತಾರೆ. ನಮ್ಮಂಥ ಎಂಜಿನಿಯರಿಂಗ್ ಹುಡುಗರಿಗೆ ಯಾರೂ ಅವರ ಬಗ್ಗೆ ಹೇಳಲ್ಲ. ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ತರಬೇತಿಗೆ ಲಂಡನ್‌ಗೆ ಹೋದಾಗ ಒಂದು ಅಂಗಡಿಯಲ್ಲಿ ಮೆಕ್ಯಾನೋ ಆಟಿಕೆ ನೋಡಿದರು. ಅದೇ ಪಟ್ಟಿ, ಅದೇ ನಟ್ಟು ಬೋಲ್ಟು ಜೋಡಿಸಿ ಬೇರೆ ಬೇರೆ ವಸ್ತು ಮಾಡೋ ಆಟ. ಪುಸ್ತಕದ ವಿಷಯಗಳನ್ನೂ ಹೀಗೇ ಬಿಡಿ ಭಾಗಗಳಿಂದ ಜೋಡಿಸಬಹುದಲ್ಲ ಅಂತ ಹೊಳೆದದ್ದು 1933ರಲ್ಲಿ ಕೋಲನ್ ವರ್ಗೀಕರಣ ಆಗಿ ಬಂತು. ಅದಕ್ಕೂ ಮೊದಲಿನ ಡ್ಯೂಯಿ ಪದ್ಧತಿಯಲ್ಲಿ ವಿಷಯಗಳನ್ನು ಮೊದಲೇ ಪಟ್ಟಿ ಮಾಡಿ ನಂಬರ್ ಕೊಟ್ಟಿರ್ತಾರೆ. ರಂಗನಾಥನ್ ಎಲ್ಲ ವಿಷಯವನ್ನೂ ಐದು ಮೂಲ ಮುಖಗಳಾಗಿ ಬಿಡಿಸಿದರು, ಕನ್ನಡದಲ್ಲಿ ಹೇಳಿದರೆ ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ. ದೇಶ ಮತ್ತು ಕಾಲ ಎರಡೂ ಬುನಾದಿಯಲ್ಲೇ ಇವೆ, ನೋಡಿ. ಹರಪನಹಳ್ಳಿಗೆ ಬೇಕಾಗಿದ್ದೂ ಅದೇ.

1957ರಲ್ಲಿ ಅವರು ಬೆಂಗಳೂರಿಗೆ ಬಂದರು. 1962ರಲ್ಲಿ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಅಡಿಯಲ್ಲಿ ಡಿಆರ್‌ಟಿಸಿ ಅನ್ನೋ ಕೇಂದ್ರ ಶುರುಮಾಡಿದರು. 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಆ ಕೇಂದ್ರ ಈಗಲೂ ಇದೆ, ಅಲ್ಲಿ ಆಂಟಾಲಜಿ ಮೇಲೆ ಕೆಲಸವೂ ನಡೆಯುತ್ತೆ.

ನನಗೆ ಅವರು ಇಷ್ಟ ಆಗಿದ್ದು ಐದು ಮುಖಗಳಿಗಿಂತ ಹೆಚ್ಚಾಗಿ ತೊಡಕುಗಳಿಗೆ ಅವರಿಟ್ಟ ಹೆಸರುಗಳಿಂದ. ಎರಡು ಮುಖಗಳಲ್ಲಿ ಯಾವುದು ಮೊದಲು ಬರಬೇಕು ಅನ್ನೋ ಜಗಳ ವರ್ಗೀಕರಣದಲ್ಲಿ ಪದೇ ಪದೇ ಬರುತ್ತೆ. ಅದಕ್ಕೆ ಅವರ ಸೂತ್ರದ ಹೆಸರು ಗೋಡೆ-ಚಿತ್ರ ತತ್ವ. ಗೋಡೆ ಇದ್ದರೆ ತಾನೇ ಅದರ ಮೇಲೆ ಚಿತ್ರ? ಒಂದನ್ನು ಒಪ್ಪದೆ ಇನ್ನೊಂದಕ್ಕೆ ಅರ್ಥ ಬರಲ್ಲ ಅಂದ್ರೆ, ಆ ಮೊದಲನೇದು ಮುಂದೆ ಬರಬೇಕು. ರೋಗ ಇದ್ದರೆ ಚಿಕಿತ್ಸೆ. ನಮ್ಮ ಹರಿಹರದ ಭಾಷೆಯಲ್ಲಿ ಹೇಳೋದಾದ್ರೆ ಲೇತ್ ಮೊದಲು, ಲೇತಿನ ಕೆಡುಕು ಆಮೇಲೆ, ಆ ಕೆಡುಕಿನ ರಿಪೇರಿ ಆಮೇಲೆ. ಇನ್ನೊಂದು ಹಸು-ಕರು ತತ್ವ. ಹಾಲು ಕೊಡೋ ಹಸು, ಅದರ ಕರು ಎರಡು ಪ್ರಾಣಿ ಹೌದು, ಆದರೂ ಬೇರ್ಪಡಿಸಲ್ಲ. ಹಾಗೆ ಕೆಲವು ವಿಷಯಗಳನ್ನು ಬಿಡಿಸಬಹುದಾದರೂ ಬಿಡಿಸಬಾರದು, ಒಟ್ಟಿಗೆ ಇಡಬೇಕು. ನಮ್ಮ "ಸೇರ್ಪಡೆ" ಕ್ಲಾಸಿನ ಜಿಲ್ಲೆ ಮತ್ತು ಅವಧಿಯನ್ನು ನಾನು ಈಗ ಹಸು-ಕರು ಅಂತಲೇ ಕರೀತೀನಿ.

ಈ ಹೆಸರುಗಳ ಶಕ್ತಿ ಏನು ಅಂದ್ರೆ, ಒಂದು ಸಲ ಕೇಳಿದರೆ ಮರೆಯಲ್ಲ, ಮತ್ತು ಗುಂಪಿನಲ್ಲಿ ಕೂತಾಗ ಐದು ನಿಮಿಷದ ವಾದ ಒಂದೇ ಪದದಲ್ಲಿ ಮುಗಿಯುತ್ತೆ. "ಇದು ಗೋಡೆ-ಚಿತ್ರ ಕಣೋ" ಅಂದ್ರೆ ಸಾಕು. ಸಾಫ್ಟ್‌ವೇರ್‌ನವರಿಗೆ ಇದು ಹೊಸದಲ್ಲ. ಸಿಂಗಲ್‌ಟನ್, ಅಬ್ಸರ್ವರ್ ಅಂತ ನಾವು ಹೇಳೋ ಡಿಸೈನ್ ಪ್ಯಾಟರ್ನ್‌ಗಳು 1994ರ ಒಂದು ಪುಸ್ತಕದಿಂದ ಹೆಸರಾದವು. ಆ ಪುಸ್ತಕಕ್ಕೆ ಸ್ಫೂರ್ತಿ ಒಬ್ಬ ಆರ್ಕಿಟೆಕ್ಟ್, ಕ್ರಿಸ್ಟೋಫರ್ ಅಲೆಕ್ಸಾಂಡರ್. ಅವರು ಜೊತೆಗಾರರೊಂದಿಗೆ 1977ರಲ್ಲಿ ಊರು, ಮನೆ ಕಟ್ಟುವ 253 ಪ್ಯಾಟರ್ನ್‌ಗಳನ್ನು ಹೆಸರಿಟ್ಟು ಪ್ರಕಟಿಸಿದರು. ಅದರಲ್ಲಿ ಒಂದು ಪ್ರಾಮಾಣಿಕ ಅಭ್ಯಾಸ ಇದೆ: ತಮಗೆ ಪೂರ್ತಿ ನಂಬಿಕೆ ಇದ್ದ ಪ್ಯಾಟರ್ನ್‌ಗೆ ಎರಡು ನಕ್ಷತ್ರ, ಸ್ವಲ್ಪ ಅನುಮಾನ ಇದ್ದದ್ದಕ್ಕೆ ಒಂದು, ಇನ್ನೂ ಸರಿಯಾಗಿ ಸಿಕ್ಕಿಲ್ಲ ಅನಿಸಿದ್ದಕ್ಕೆ ಏನೂ ಇಲ್ಲ. ಆಂಟಾಲಜಿಗೆ ಈ ಪ್ಯಾಟರ್ನ್ ಯೋಚನೆಯನ್ನು ತಂದವರಲ್ಲಿ ಇಟಲಿಯ ಆಲ್ಡೊ ಗಾಂಗೆಮಿ ಮುಖ್ಯರು, 2005ರ ಸುಮಾರಿಗೆ.

ಅಲಮಾರಿಯಲ್ಲಿರೋದು ಉತ್ತರ ಮಾತ್ರ

ಈಗ ನಮ್ಮ ವಿಷಯ. ಪ್ರತಿ ವರ್ಷ ಫೈನಲ್ ಇಯರ್‌ನವರು ಪ್ರಾಜೆಕ್ಟ್ ಮಾಡ್ತಾರೆ, ಗಟ್ಟಿ ರಟ್ಟಿನ ರಿಪೋರ್ಟ್ ಮಾಡಿಸ್ತಾರೆ, ಅದು ಅಲಮಾರಿ ಸೇರುತ್ತೆ. ಇದು ಯಾವುದೋ ಒಂದು ಕಾಲೇಜಿನ ಕಥೆ ಅಲ್ಲ. ರಿಪೋರ್ಟ್‌ನಲ್ಲಿ ಏನಿರುತ್ತೆ? ಕೊನೆಯ ಡಯಾಗ್ರಾಂ. ಅದಕ್ಕೂ ಮೊದಲು ಹರಿದು ಹಾಕಿದ ನಾಲ್ಕು ಡಯಾಗ್ರಾಂ ಇರಲ್ಲ, ಯಾಕೆ ಹರಿದು ಹಾಕಿದರು ಅನ್ನೋದೂ ಇರಲ್ಲ. ಅವರು ಜೂನ್‌ನಲ್ಲಿ ಬೆಂಗಳೂರು ಬಸ್ ಹತ್ತುತ್ತಾರೆ, ಜ್ಞಾನವೂ ಅದೇ ಬಸ್ ಹತ್ತುತ್ತೆ. ಮುಂದಿನ ಬ್ಯಾಚ್ ಅದೇ ನಾಲ್ಕು ಡಯಾಗ್ರಾಂ ಬರೆದು ಹರಿದು ಹಾಕುತ್ತೆ.

ಹರಿಹರದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥ ಆಗಬೇಕು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್ ಮಾಡುತ್ತಿತ್ತು, ಆ ಕಾರ್ಖಾನೆ ಮುಚ್ಚಿ ಬಹಳ ವರ್ಷ ಆಯಿತು. ಯಂತ್ರದ ಡ್ರಾಯಿಂಗ್ ಎಲ್ಲಾದರೂ ಸಿಗಬಹುದು. ಆದರೆ ಈ ಅಳತೆ ಯಾಕೆ ಇಷ್ಟೇ, ಬೇರೆ ಅಳತೆ ಇಟ್ಟರೆ ಏನು ಕೆಡುತ್ತೆ ಅನ್ನೋದು ಯಾವ ಡ್ರಾಯಿಂಗ್‌ನಲ್ಲೂ ಬರೆದಿರಲ್ಲ. ಅದು ಕೆಲಸ ಮಾಡಿದವರ ತಲೆಯಲ್ಲಿರುತ್ತೆ, ಕೈಯಲ್ಲಿರುತ್ತೆ.

ಅದಕ್ಕೆ ನಮ್ಮ ಗುಂಪಿನಲ್ಲಿ ಆಂಟಾಲಜಿ ಫೈಲ್ ಪಕ್ಕದಲ್ಲೇ ಒಂದು ತೊಡಕಿನ ಪುಸ್ತಕ ಇಟ್ಟಿದ್ದೀವಿ. ಒಂದು ತೊಡಕಿಗೆ ಒಂದು ಪುಟ. ಒಂದು ನಮೂದು ಪೂರ್ತಿ ಕೊಡ್ತೀನಿ, ನೋಡಿ:

ಹೆಸರು: ಅಲ್ಲಾಡದ ಊರು.
ಪ್ರಶ್ನೆ: 2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿದ್ದ ತಾಲ್ಲೂಕುಗಳು ಯಾವುವು? ಇವತ್ತು ಯಾವುವು?
ತೊಡಕು: ತಾಲ್ಲೂಕು ಅದೇ, ಜಿಲ್ಲೆ ಬದಲಾಗುತ್ತೆ. ಟ್ರಿಪಲ್‌ನಲ್ಲಿ ಕಾಲಕ್ಕೆ ಜಾಗ ಇಲ್ಲ.
ಕೈಬಿಟ್ಟ ದಾರಿಗಳು: ಹೊಸ ಜಿಲ್ಲೆ ಬರೆದು ಹಳೇದನ್ನು ಅಳಿಸೋದು, ಇದರಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸಿಗಲ್ಲ. "1997ರ ಹರಪನಹಳ್ಳಿ", "2018ರ ಹರಪನಹಳ್ಳಿ" ಅಂತ ಬೇರೆ ಬೇರೆ ಊರು ಮಾಡೋದು, ಇದರಲ್ಲಿ ಉತ್ತರ ಸಿಗುತ್ತೆ, ಆದರೆ ಅಲ್ಲಿನ ಕೋಟೆ, ಕೆರೆ ಯಾವ ಹರಪನಹಳ್ಳಿಗೆ ಸೇರಿದ್ದು ಅಂತ ಹೊಸ ಜಗಳ ಶುರುವಾಗುತ್ತೆ.
ಉಳಿಸಿಕೊಂಡದ್ದು: ಸೇರ್ಪಡೆ ಅನ್ನೋ ಕ್ಲಾಸ್. ತಾಲ್ಲೂಕು, ಜಿಲ್ಲೆ, ಆರಂಭ, ಅಂತ್ಯ.
ಬೆಲೆ: ಸಣ್ಣ ಪ್ರಶ್ನೆಗೂ ಉದ್ದದ ಕ್ವೆರಿ ಬರೀಬೇಕು. ಅಂತ್ಯ ಬರೆದಿಲ್ಲ ಅಂದ್ರೆ ಇನ್ನೂ ನಡೀತಿದೆ ಅಂತಲಾ, ಗೊತ್ತಿಲ್ಲ ಅಂತಲಾ? ತೆರೆದ ಲೋಕ, ಬೆಣ್ಣೆ ದೋಸೆ ಪುಟ ನೋಡಿ.
ನಂಬಿಕೆ: ಎರಡು ನಕ್ಷತ್ರ.

ಇದರಲ್ಲಿ ನನ್ನ ಮಟ್ಟಿಗೆ ಬಹಳ ಮುಖ್ಯ "ಕೈಬಿಟ್ಟ ದಾರಿಗಳು" ಮತ್ತು "ಬೆಲೆ". ಉಳಿದದ್ದನ್ನು ಫೈಲ್ ನೋಡಿ ಹೇಗೋ ಊಹಿಸಬಹುದು, ಇವೆರಡನ್ನು ಊಹಿಸೋಕೆ ಆಗಲ್ಲ. ಒಂದು ಪುಟ ಬರೆಯೋಕೆ ಇಪ್ಪತ್ತು ನಿಮಿಷ ಸಾಕು, ಅದೂ ವಾದ ನಡೆದ ದಿನವೇ ಬರೆದರೆ. ಒಂದು ವಾರ ಬಿಟ್ಟರೆ ಯಾರು ಯಾಕೆ ಬೇಡ ಅಂದ್ರು ಅನ್ನೋದು ನೆನಪಿರಲ್ಲ. ಹರಿಹರದ ಮೂರ್ತಿಯ ಪುಟಕ್ಕೆ ನಾವು ಒಂದೇ ನಕ್ಷತ್ರ ಕೊಟ್ಟಿದ್ದೀವಿ.

ಕನ್ನಡದಲ್ಲೇ ಯಾಕೆ

ಇಂಗ್ಲಿಷ್‌ನಲ್ಲಿ ಬರೆದರೆ ಹೆಚ್ಚು ಜನ ಓದ್ತಾರಲ್ಲ ಅಂತ ಗುಂಪಿನಲ್ಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನೇ ಇಂಗ್ಲಿಷ್ ಮೀಡಿಯಂ, ಈ ಲೇಖನದಲ್ಲಿ ಒತ್ತಕ್ಷರ ತಿದ್ದಿದ್ದು ಅಮ್ಮ. ಆದರೆ ಮಾತಿನಲ್ಲಿ ಬಿಡಿಸಿ ಬರೀರಿ ಅನ್ನೋ ಸಲಹೆಯನ್ನು ಕನ್ನಡದಲ್ಲಿ ಮಾಡಿ ನೋಡಿದರೆ ಇಂಗ್ಲಿಷ್‌ನಲ್ಲಿ ಕಾಣದ ತೊಡಕುಗಳು ಕಾಣುತ್ತವೆ, ಕೆಲವು ಇದ್ದ ತೊಡಕುಗಳು ಮಾಯವೂ ಆಗುತ್ತವೆ.

ಆಂಟಾಲಜಿ ಜನರಲ್ಲಿ "ಅಂಕಲ್" ಒಂದು ಪ್ರಸಿದ್ಧ ತೊಡಕು. ಅಪ್ಪ ಅಥವಾ ಅಮ್ಮನ ಸಹೋದರ ಅಂದ್ರೆ ಅಂಕಲ್. ಎರಡು ಸಂಬಂಧಗಳನ್ನು ಸರಪಳಿ ಮಾಡಿ ಮೂರನೇದನ್ನು ಹುಟ್ಟಿಸೋಕೆ ಮೊದಲ ಔಲ್‌ನಲ್ಲಿ ದಾರಿಯೇ ಇರಲಿಲ್ಲ. 2009ರಲ್ಲಿ ಬಂದ ಔಲ್ 2ರಲ್ಲಿ ಪ್ರಾಪರ್ಟಿ ಚೈನ್ ಅಂತ ಸೇರಿಸಿದರು. ಈಗ ಕನ್ನಡಕ್ಕೆ ಬನ್ನಿ. ನಮ್ಮಲ್ಲಿ ಬರೀ "ಸಹೋದರ" ಅನ್ನೋದು ಪುಸ್ತಕದ ಪದ, ಮನೆಯಲ್ಲಿ ಇರೋದು ಅಣ್ಣ, ತಮ್ಮ. ಹಾಗಾಗಿ ಅಪ್ಪ + ತಮ್ಮ = ಚಿಕ್ಕಪ್ಪ, ಅಪ್ಪ + ಅಣ್ಣ = ದೊಡ್ಡಪ್ಪ. ಸರಪಳಿ ನೇರವಾಗಿ ಕೂರುತ್ತೆ. ಇಂಗ್ಲಿಷ್‌ನಿಂದ ಹೊರಟರೆ ಹುಟ್ಟಿದ ದಿನಾಂಕ ಹೋಲಿಸಬೇಕು, ಅದು ಔಲ್‌ಗೆ ಕಷ್ಟದ ಕೆಲಸ.

ಆದರೆ "ಮಾವ" ಬಂದಾಗ ನಮ್ಮ ಸಂತೋಷ ಮುಗಿಯುತ್ತೆ. ಅಮ್ಮನ ಅಣ್ಣ ತಮ್ಮಂದಿರು ಮಾವ. ಹೆಂಡತಿಯ ಅಥವಾ ಗಂಡನ ಅಪ್ಪ ಮಾವ. ಅಪ್ಪನ ಅಕ್ಕ ತಂಗಿಯ ಗಂಡನೂ ಮಾವ. ಸೋದರಮಾವನ ಮಗಳನ್ನು ಮದುವೆ ಆಗುವ ಮನೆಗಳಲ್ಲಿ ಮೊದಲಿನ ಎರಡು ಒಬ್ಬರೇ ಆಗಿಬಿಡ್ತಾರೆ. ಮೂರು ಸರಪಳಿಯನ್ನೂ ಒಂದೇ "ಮಾವ" ಪ್ರಾಪರ್ಟಿಗೆ ಜೋಡಿಸಬಹುದು, ಔಲ್ ಬೇಡ ಅನ್ನಲ್ಲ. ಆದರೆ ಸರಪಳಿ ಒಂದೇ ದಿಕ್ಕಿಗೆ ಓಡುತ್ತೆ. "ಇವರು ನನ್ನ ಮಾವ" ಅಂತ ಯಾರಾದರೂ ಹೇಳಿದಾಗ ಮೂರರಲ್ಲಿ ಯಾವುದು ಅಂತ ರೀಸನರ್ ಹಿಂದಕ್ಕೆ ಹೋಗಿ ಹೇಳಲಾರದು. ಮೂರು ಬೇರೆ ಪ್ರಾಪರ್ಟಿ ಮಾಡಿದರೆ, ಕರೆಯೋ ಹೆಸರು ಒಂದೇ ಅನ್ನೋ ಸಂಗತಿಯನ್ನು ಬೇರೆಲ್ಲೋ ಇಡಬೇಕು. ಸಂಬಂಧವೂ ಅಲ್ಲ, ಕರೆಯೋ ಪದ ಅಂತ ಇಟ್ಟರೆ ಅದು ಊರೂರಿಗೆ ಬದಲಾಗುತ್ತೆ.

ತೊಡಕಿನ ಪುಸ್ತಕದಲ್ಲಿ ಈ ಪುಟಕ್ಕೆ "ಮೂರು ಮಾವ" ಅಂತ ಹೆಸರು. "ಉಳಿಸಿಕೊಂಡದ್ದು" ಅನ್ನೋ ಸಾಲು ಖಾಲಿ ಇದೆ, ನಕ್ಷತ್ರ ಇಲ್ಲ. ಹಾಸ್ಟೆಲ್‌ನಲ್ಲಿ ಬೀದರ್‌ನಿಂದ ಮಂಗಳೂರಿನ ತನಕದವರು ಇದ್ದೀರಿ. ನಿಮ್ಮ ಮನೆಯಲ್ಲಿ ಮಾವ ಅಂತ ಯಾರ್ಯಾರನ್ನು ಕರೀತೀರಿ, ಅಮ್ಮನ ಅಣ್ಣನಿಗೂ ತಮ್ಮನಿಗೂ ಬೇರೆ ಪದ ಇದೆಯಾ, ಭಾವನಿಗೂ ಮಾವ ಅಂತಾರಾ, ಒಂದು ಚೀಟಿಯಲ್ಲಿ ಬರೆದು ಸಂಘದ ರೂಮಿನ ಮೇಜಿನ ಮೇಲಿರೋ ಡಬ್ಬಿಗೆ ಹಾಕಿ. ಊರು, ತಾಲ್ಲೂಕಿನ ಹೆಸರು ಬರೆಯೋದು ಮರೀಬೇಡಿ. ಹರಪನಹಳ್ಳಿಯವರು ಜಿಲ್ಲೆ ಬರೆಯೋದು ಬೇಡ, ನಮ್ಮ ಹತ್ತಿರ ಇದೆ.